ಬಾಗಿಲ ಮೂಲೆಯ ಇಪ್ಪತ್ತೊಂದು ಕಾಯಿ

ನ. 18. ಬೆಳಿಗ್ಗೆ 7
ಬಿಳಿಗೆರೆಯ ಸಮಸ್ತ ಮಹಾಜನರಿಗೆ ಈ ಮೂಲಕ ಘೋಷಿಸುವುದೇನೆಂದರೆ — ರೇವಣಸಿದ್ದಯ್ಯನಾದ ನನ್ನ ಕಾರ್ ಶೆಡ್ಡಿನ ನೆಲ ಇನ್ನು ಮುಂದೆ ಬೆಚ್ಚಗಿರತಕ್ಕದ್ದು. ಕಾರಣ: ನನ್ನ ಸೊಂಟ. ಕಾರಿನಡಿ ಮಲಗಿ ರಿಪೇರಿ ಮಾಡಿದರೆ ತಣ್ಣನೆ ನೆಲಕ್ಕೆ ಹಿಡ್ಕೊಳ್ಳತ್ತೆ. ಕಾಂಕ್ರೀಟಿನೊಳಗೆ ಹೀಟರ್ ವೈರು. ಅದರಡಿಗೆ, ಅಡಿಪಾಯದ ಪಕ್ಕಕ್ಕೆ, ಥರ್ಮಾಕೋಲು. ಗಾರೆ ಕೆಲಸದ ಭೀಮರಾಜು: "ಅದಿಲ್ದಿದ್ರೆ ಬಿಸೀನೆಲ್ಲ ಮಣ್ಣೇ ಕುಡೀತದೆ ಕಣಣ್ಣ." ಹೆಂಡತಿ ಭೈರಮ್ಮನಿಗೆ ಹೇಳಿದೆ. ನಕ್ಕಳು. ಮನೆಯಲ್ಲಿ ವಿಜ್ಞಾನಕ್ಕೆ ಇಷ್ಟೇ ಬೆಲೆ.

ನ. 21
ಥರ್ಮಾಕೋಲು ಸಾಲಲಿಲ್ಲ. ಅಳತೆ ನಂದೇ — ಅಡಿಪಾಯದ ಪಕ್ಕ ಮರೆತಿದ್ದೆ. ಬಾಗಿಲ ಮೂಲೆ ಖಾಲಿ. ಮಿಕ್ಸರ್ ತಿರುಗ್ತಾ ಇದೆ. ಅಟ್ಟ ನೆನಪಾಯ್ತು. ಕೊಬ್ಬರಿಗಿಟ್ಟ ಸಿಪ್ಪೆಕಾಯಿ! ನಾರಿಗಿಂತ ಬೆಚ್ಚನೇದು ಏನಿದೆ?
ಭೈರಮ್ಮ ಏಣಿಗೆ ಅಡ್ಡ ನಿಂತಳು. "ರೀ, ಆ ಕಡೇವು ಮುಟ್ಬ್ಯಾಡಿ. ಅತ್ತೆ ಮನೆದೇವ್ರ ಪಾಲು ಅಂತ ಎತ್ತಿಟ್ಟಿದ್ದು."
"ಅವ್ವ ಹೋಗಿ ಆರು ತಿಂಗಳಾಯ್ತು ಕಣೇ. ದೇವ್ರೇನು ಎಣಿಸ್ಕಂಡು ಕೂತವ್ನಾ, ಬುಡು."
ಇಪ್ಪತ್ತೊಂದು ಇಳಿಸಿದೆ. ಒಳಗಿನ್ನೂ ನೀರು ಗುಳುಗುಳು. ಭೀಮರಾಜು: "ಕಾಯಿ ಮ್ಯಾಲೆ ಕಾಂಕ್ರೀಟಾ! ಬಿರುಕು ಬುಟ್ರೆ ನನ್ನ ಕೇಳ್ಬ್ಯಾಡಿ." ಹಾಕಿದ.

ಡಿ. 17
ಸ್ವಿಚ್ ಒತ್ತಿದೆ. ಸ್ವರ್ಗ! ಮಧ್ಯಾಹ್ನದ ನಿದ್ದೆ ಇನ್ನು ಇಲ್ಲೇ, ಬಾಗಿಲ ಮೂಲೇಲಿ. ಎಲ್ಲಕ್ಕಿಂತ ಬೆಚ್ಚಗಿರೋದು ಅದೇ.

ಜ. 4. ಮಧ್ಯಾಹ್ನ 3
ನೆಲದಡಿ ಲೊಟಕ್... ಲೊಟಕ್. ಕೊಬ್ಬರಿಯಾದ ಕಾಯಿಯ ಸದ್ದು. ನೀರು ಆರಿ, ಗಿಟುಕು ಚಿಪ್ಪು ಬಿಟ್ಟಾಗ, ಅಲ್ಲಾಡಿಸಿದರೆ ಬರೋದು. ಅವ್ವ ಒಂದೊಂದನ್ನೂ ಎರಡು ಅಂಗೈಲಿ ಕಿವಿ ಹತ್ರ ಹಿಡಿದು ಎರಡೇ ಸಲ ಅಲ್ಲಾಡಿಸೋಳು. ಕೊಬ್ಬರಿ ಆಗಿದ್ದರೆ ಎಡಕ್ಕಿಡೋಳು.
ಬಿಸಿಗೆ ಒಣಗಿದೆ, ಸರಿ. ನಾಲ್ಕಿಂಚು ಕಾಂಕ್ರೀಟಿನಡಿ ಅಲ್ಲಾಡಿಸೋರು ಯಾರು?
ಹೆಗ್ಗಣವೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು. ಸಭೆಯಲ್ಲಿ ಹಾಜರಿದ್ದವರು: ನಾನು.

ಜ. 20
ದಿನಕ್ಕೊಂದು ಕಾಯಿ. ಎರಡೇ ಸಲ. ಬಲದಿಂದ ಎಡಕ್ಕೆ ಸರೀತಾ ಇದೆ. ಇವತ್ತು ಹದಿನೇಳನೇದು.
ಭೈರಮ್ಮನೂ ಕೇಳಿದಳು. "ನೆಲ ಒಡಸ್ರೀ. ದೇವ್ರದ್ದು ದೇವ್ರಿಗೆ ಕೊಟ್ಬುಡನ."
ಒಡೆಸಿದರೆ ಸೊಂಟದ ಗತಿ? ಇನ್ನು ನಾಲ್ಕೇ. ಮುಗಿದರೆ ಅವ್ವ... ಹೆಗ್ಗಣ ಸುಮ್ಮನಾಗತ್ತೆ.

ಜ. 24
ಇಪ್ಪತ್ತೊಂದು. ಮಂಗಳ.
ಬಾಯಾರಿಕೆ ಮಾತ್ರ ಹೋಗ್ತಿಲ್ಲ. ಮೂರು ಚೊಂಬು ನೀರು ಕುಡಿದೆ.

ಜ. 25. ಬೆಳಿಗ್ಗೆ 9
ತಿಂಡಿಗೆ ಕೂತಿದ್ದೆ. ಭೈರಮ್ಮ: "ರೀ, ಇನ್ನೊಂದ್ಸಲ ತಲೆ ತಿರುಗ್ಸಿ."
ತಿರುಗಿಸಿದೆ. ಲೊಟಕ್.
ಅವಳು ನಗಲಿಲ್ಲ. ಭೀಮರಾಜುನ್ನ ಹಾರೆ ಸಮೇತ ಕರ್ಕಂಡ್ ಬತ್ತೀನಿ ಅಂತ ಓಡಿದಳು.

9.40
ಹೀಟರ್ ಆರಿಸೋಕೆ ಶೆಡ್ಡಿಗೆ ಬಂದೆ. ಒಂದು ನಿಮಿಷ ಅಂತ ಮೂಲೇಲಿ ಕೂತೆ. ಏಳೋಕಾಗ್ತಿಲ್ಲ. ಸೊಂಟ ನೋವಿಲ್ಲ. ಏನೂ ಇಲ್ಲ. ಮೈ ಹಗುರ. ಕಿವಿ ಎರಡಕ್ಕೂ ಯಾರೋ ಅಂಗೈ ಇಟ್ಟ ಹಾಗೆ — ಒರಟು, ಕಾಯಿ ಸುಲಿದ ಅಂಗೈ...
ಓದುವವರು ಯಾರೇ ಆಗಲಿ, ಸಣ್ಣ ವಿನಂತಿ. ಸ್ವಿಚ್ಚು ಬಾಗಿಲ ಬಲಕ್ಕಿದೆ, ಕೆಂಪನೇದು. ಆರಿಸಿ. ನನ್ನನ್ನು ಎತ್ತುವಾಗ ಮೆಲ್ಲಗೆ. ದಯವಿಟ್ಟು ಅಲ್ಲಾಡಿಸ