ಬೇಲಿಯಾಚೆ ಎಸೆದದ್ದು

ಬೋನಾಳ ಕೆರೆಯ ದಂಡೆ, ಕುರಿಹಟ್ಟಿಯಿಂದ
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಮಗ ಅಂಬರೀಶನಿಗೆ,

ಯಾದಗಿರಿಯ ಆಸ್ಪತ್ರೆಯಲ್ಲಿ ನಮ್ಮ ಕೂಸು ಈಗ ಹೇಗಿದೆ? ಕಾಮಾಲೆ ಇಳಿಯಿತೇ? ಸೊಸೆ ಕವಿತಾ ಹೊಟ್ಟೆ ತುಂಬ ಉಣ್ಣುತ್ತಾಳೋ, ಇಲ್ಲ ಅಳುತ್ತಾ ಕೂರುತ್ತಾಳೋ? ಸೋಮವಾರ ಮನೆಗೆ ಕಳಿಸುತ್ತಾರೆ ಎಂದು ನೀನು ಹೇಳಿದ್ದೆ. ಇಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಿದರೆ ನಿನ್ನ ಪಕ್ಕದಲ್ಲಿರುವ ಬಾಣಂತಿಗೆ ಕೇಳಿಸುತ್ತದೆ, ಹೆದರಿದರೆ ಹಾಲು ಬತ್ತೀತು. ಅದಕ್ಕೇ ಈ ಕಾಗದವನ್ನು ಯಾದಗಿರಿಗೆ ಹೊರಟ ನಮ್ಮೂರ ಹುಡುಗ ಶ್ರೀಮಂತನ ಕೈಗೆ ಕೊಡುತ್ತಿದ್ದೇನೆ. ನೀನೊಬ್ಬನೇ ಓದು.

ಕಾಡುಹಂದಿ ನಮ್ಮ ಕುರಿಮರಿಯನ್ನು ತಿಂದಿತು. ಹೌದಪ್ಪ, ಜೀವಂತ ಮರಿಯನ್ನು! ಇಷ್ಟು ವರ್ಷ ಹಂದಿಯೆಂದರೆ ಶೇಂಗಾ ಬಗೆಯುವ, ಜೋಳ ಮುರಿಯುವ ಕಳ್ಳ ಎಂದಷ್ಟೇ ತಿಳಿದಿದ್ದೆ. ಕೆರೆಯ ಕೆಸರಿಗೆ ಮೂತಿ ಹಾಕಿ ಗಡ್ಡೆ, ಹುಳು, ಕಪ್ಪೆ ತಿನ್ನುವುದನ್ನೂ ಹಕ್ಕಿಯ ಮೊಟ್ಟೆ ಚಪ್ಪರಿಸುವುದನ್ನೂ ನೋಡಿ ನಕ್ಕಿದ್ದೆ. ನಿನ್ನ ಅವ್ವನಂತೂ "ಪಾಪ, ಗಡ್ಡಿ ತಿನ್ನೂ ಜೀವ, ನಮ್ಮ ಮರಿಗಿ ಏನ್ ಮಾಡ್ತದ ಬಿಡ್ರಿ" ಅಂದಿದ್ದಳು. ನಿನ್ನೆ ಸಂಜೆ ಕುರಿ ಹೊಡೆದುಕೊಂಡು ಬಂದರೆ, ಮರಿಯ ಮೇಲೆ ಮುಚ್ಚಿದ್ದ ಬುಟ್ಟಿ ದೂರ ಉರುಳಿತ್ತು. ಹೆಣ್ಣುಹಂದಿಯೊಂದು ಬೆಳಿಗ್ಗೆಯಷ್ಟೇ ಹುಟ್ಟಿದ ಮರಿಯನ್ನು ಕಾಲಿನಿಂದ ಒತ್ತಿ ಹಿಡಿದು ತಿನ್ನುತ್ತಿತ್ತು. ಸುತ್ತ ಅದರ ಮರಿಗಳು. ಕೋಲೆತ್ತಿ ಕೂಗಿದೆ. ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ತಿನ್ನತೊಡಗಿತು. ಎಲುಬು, ತುಪ್ಪಟ, ಏನನ್ನೂ ಉಳಿಸಲಿಲ್ಲ.

ರುಚಿ ಕಲಿಸಿದವರು ನಾವೇ. ಕುರಿ ಈದಾಗಲೆಲ್ಲ, ಮರಿಯ ಹಿಂದೆ ಬೀಳುವ ಮಾಸನ್ನು ನಾಯಿ ತಿನ್ನಲಿ ಎಂದು ಬೇಲಿಯಾಚೆ ಎಸೆಯುವುದು ನಮ್ಮ ರೂಢಿ. ಪಕ್ಕದ ಹಟ್ಟಿಯ ಬಸಲಿಂಗ ಇವತ್ತು ಹೇಳುತ್ತಾನೆ, "ನಾಯಿ ಎಲ್ಲಿ ತಿಂತಾವ ಮಾವ? ಅದಕ್ಕ ಹಂದಿನೇ ಕಾಯ್ಕೊಂಡು ನಿಂತಿರ್ತಾವ." ಮೊದಲೇ ಹೇಳಲು ಇವನಿಗೇನಾಗಿತ್ತು! ನೆಲದ ಮೇಲೆ ಮಲಗಿದ ಕೂಸಿಗೂ ಮರಿಗೂ ಹಂದಿಗೆ ಏನು ಭೇದ? ಅದಕ್ಕೇ ಬೇಲಿಗೆ ಜಾಲಿಮುಳ್ಳನ್ನು ಮತ್ತೊಂದು ಸುತ್ತು ಹಾಕಿದ್ದೇನೆ. ಗುಡಿಸಲಿಗೆ ತಗಡಿನ ಬಾಗಿಲು ಕೂಡಿಸುತ್ತೇನೆ. ಸೋಮವಾರ ಧೈರ್ಯವಾಗಿ ಇಬ್ಬರನ್ನೂ ಕರೆದುಕೊಂಡು ಬಾ.

ಸೊಸೆಗೆ ನನ್ನ ಆಶೀರ್ವಾದ, ಮೊಮ್ಮಗಳಿಗೆ ಈ ಮುದುಕನದೊಂದು ಮುತ್ತು.

ನಿನ್ನ ಅಪ್ಪ,
ಅಂಬಣ್ಣ

ತಾ.ಕ.: ಶ್ರೀಮಂತನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಬರಬೇಡಿ. ಕವಿತಾ ಆಸ್ಪತ್ರೆ ಮುಟ್ಟುವ ಮೊದಲೇ ಗುಡಿಸಲಲ್ಲಿ ಹೆತ್ತಾಗ, ಕೂಸಿನ ಮಾಸನ್ನು ನಿನ್ನ ಅವ್ವ ಬಚ್ಚಲ ಹಿಂದೆ ಹೂತು ಮೇಲೆ ಕಲ್ಲು ಹೇರಿದ್ದಳಲ್ಲ? ಈಗ ನೋಡಿ ಬಂದೆ. ಕಲ್ಲು ಪಕ್ಕಕ್ಕೆ ಉರುಳಿದೆ. ಗುಂಡಿಯಲ್ಲಿ ಏನೂ ಇಲ್ಲ. ಅವಳಿಗೆ ಹೇಳದೆ ಮಣ್ಣೆಳೆದು ಮುಚ್ಚಿದ್ದೇನೆ. ಕೂಸನ್ನು ಕಕ್ಕೇರಾದ ಬೀಗರ ಮನೆಗೇ ಕರೆದೊಯ್ಯು. ನಮ್ಮ ರಕ್ತದ ರುಚಿ ಆ ಹಂದಿಗೆ ಹತ್ತಿದೆ, ಮಗನೇ.