ಮೂರು ಗಂಟೆ ಆರು ನಿಮಿಷ

ಮಾರ್ಚ್ 4, ಮಂಗಳವಾರ. ಸಂಜೆ 6.10

ಒಟ್ಟು ಎಂಟು ಟೆಂಡರ್ ಕವರ್. ಏಳು ಪೆಟ್ಟಿಗೆಯಲ್ಲಿ, ಒಂದು ನನ್ನ ಟೇಬಲ್ ಮೇಲೆ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಗುತ್ತಿಗೆ. ಜೊತೆಗೆ ಒಗೆದ ಟವೆಲ್ ಒಂದನ್ನು ಸ್ಯಾಂಪಲ್ ಇಡಬೇಕು ಎಂದು ಯಾವ ಪುಣ್ಯಾತ್ಮ ಬರೆದನೋ. ಪೆಟ್ಟಿಗೆಯ ಬಾಯಿ ಮಾತ್ರ ಹಳೆಯದೇ. ತೆಳು ಟವೆಲ್ ಇಟ್ಟವರ ಕವರ್ ತೂರಿತು. ದಪ್ಪ ಕವರ್ ಬಂದರೆ ನನ್ನ ಕೈಗೇ ಕೊಡಬೇಕು. ನಾನು ಸಮಯ ಬರೆದು ಮೊಹರು ಹಾಕಬೇಕು.

ಕೊನೆಯ ಗಡುವು ಮೂರು ಗಂಟೆ. ಎರಡೂವರೆಗೆ ಎದ್ದು ಮೇಲಿನ ಮಹಡಿಗೆ ಹೋದೆ — ನನ್ನ ನೌಕರಿ ಕಾಯಂ ಆಗುವ ಫೈಲ್ ಎಲ್ಲಿಗೆ ಬಂತು ಎಂದು ಕೇಳಲು. ಐದೇ ನಿಮಿಷ ಅಂದುಕೊಂಡಿದ್ದೆ. ಸಿಬ್ಬಂದಿ ಶಾಖೆಯವಳು ಫೋನಿನಲ್ಲಿದ್ದಳು. ಕೈಸನ್ನೆಯಲ್ಲೇ ಕೂರಿಸಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಇಳಿದು ಬರುವಾಗ ಮೂರು ದಾಟಿತ್ತು. ಟೀ ಆಗಲೇ ತಣ್ಣಗಾಗಿತ್ತು. ಕಪ್ ಎತ್ತಿ ಒಂದೇ ಗುಟುಕಿಗೆ ಕುಡಿದೆ. ಅಡಿಯಲ್ಲಿದ್ದ ದಪ್ಪ ಕವರ್ ತೆಗೆದು ಗಡಿಯಾರ ನೋಡಿದೆ. 3.06. ಟೆಂಡರ್ ಹಾಕಿದ ದೊಡ್ಡ ಕಂಪನಿಯ ಏಜೆಂಟ್ ಎದುರಿಗೇ ನಿಂತಿದ್ದ. ಯಾವ ಸೆಕೆಯಲ್ಲೂ ಟೈ ಬಿಚ್ಚದವನು. 3.06 ಎಂದೇ ಬರೆದೆ. ತಡ. ತೆರೆಯುವಂತಿಲ್ಲ.

ಅಷ್ಟು ಪ್ರಾಮಾಣಿಕವಾಗಿ ಬರೆದೆನಲ್ಲ ಎಂದು ಒಳಗೊಳಗೇ ಹೆಮ್ಮೆ ಬೇರೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ ಊಟದ ಬಿಡುವು

ದಪ್ಪ ಕವರಿನ ಒಡತಿ ಬಂದಿದ್ದರು. ಲಾಂಡ್ರಿ ನಡೆಸುವ ಹೆಂಗಸು, ಅರವತ್ತರ ಹತ್ತಿರ. ಸೋಪಿನ ನೀರಿನಲ್ಲಿ ನೆನೆದೂ ನೆನೆದೂ ಬೆರಳ ತುದಿಯೆಲ್ಲ ಸುಕ್ಕು. ಏಳು ವರ್ಷದಿಂದ ಆಸ್ಪತ್ರೆಯ ಬಟ್ಟೆ ಇವರದೇ. ಹದಿನಾಲ್ಕು ಹೆಂಗಸರಿಗೆ ಅಲ್ಲೇ ಕೆಲಸ.

"ನಾನು ಬಂದಾಗ ಇನ್ನೂ ಮೂರಾಗಿರ್ಲಿಲ್ಲ ಕಣಮ್ಮ. ನಿನ್ನ ಕುರ್ಚಿ ಖಾಲಿ ಇತ್ತು. ಕಾದೆ, ಕಾದೆ. ವ್ಯಾನಲ್ಲಿ ಬೆಡ್‌ಶೀಟು, ಮೂರಕ್ಕೆ ವಾರ್ಡಿಗೆ ಕೊಡ್ಬೇಕು. ಟೇಬಲ್ ಮೇಲಿಟ್ಟು ಹೋದೆ."

"ರಸೀದಿ ತಗೊಳ್ದೆ ಹೋಗ್ಬಾರ್ದಿತ್ತು ಅಮ್ಮ" ಅಂದೆ. ಎಷ್ಟು ಸುಲಭವಾಗಿ ಬಂತು ಬಾಯಲ್ಲಿ!

"ಕೊಡೋರು ಇದ್ರೆ ತಾನೇ ತಗೊಳ್ಳೋದು?"

ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಕ್ಷೇಪಣೆ ಅರ್ಜಿ ಕೊಟ್ಟು ಹೋದರು. 20ಕ್ಕೆ ವಿಚಾರಣೆ.

ಮಾರ್ಚ್ 7, ಶುಕ್ರವಾರ. ರಾತ್ರಿ 8.40

ಸಾಹೇಬರು ಕರೆಸಿದರು. "ಒಂದು ಹೇಳಿಕೆ ಬರ್ದು ಕೊಡಿ. ಎರಡೂವರೆಯಿಂದ ಮೂರೂವರೆವರೆಗೆ ಸೀಟಲ್ಲೇ ಇದ್ರಿ ತಾನೇ?"

ತಾನೇ... ಆ ಒಂದು ಮಾತಿಗೆ ಜೋತುಬಿದ್ದೆ. ಇದ್ದೆ ಎಂದು ಬರೆದು ಸಹಿ ಮಾಡಿದೆ. ಒಂಬತ್ತು ವರ್ಷ ತಾತ್ಕಾಲಿಕ ನೌಕರಿ, ವರ್ಷವರ್ಷವೂ ಮುಂದುವರಿಸಿ ಎಂದು ಕೈಮುಗಿಯುವ ಬಾಳು. ಟೆಂಡರ್ ಗಡುವಿನ ಹೊತ್ತಿಗೇ ಸೀಟು ಬಿಟ್ಟಿದ್ದಳು ಎಂದು ಗೊತ್ತಾದರೆ ಆ ಫೈಲ್ ಬಂದ ದಾರಿಯಲ್ಲೇ ವಾಪಸ್.

ನಮ್ಮ ಮನೆಯವರು ಬಸ್ ಡಿಪೋದಿಂದ ಬಂದವರು ಮುಖ ನೋಡಿದ್ದೇ, "ಏನೇ, ಯಾರ ಬಸ್ಸು ತಪ್ಪಿಸ್ದೆ?" ಅಂದರು. ದಿನವೂ ಆಡುವ ತಮಾಷೆ. ಇವತ್ತು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡೆ. ಹೇಳಲಿಲ್ಲ.

ಮಾರ್ಚ್ 12, ಬುಧವಾರ. ರಾತ್ರಿ 11.30

ಬರೆಯಲು ಮನಸ್ಸೇ ಇರಲಿಲ್ಲ. ಇವತ್ತು ಬರೆಯದೆ ಇರಲಾರೆ.

ವಿಚಾರಣೆಯ ಫೈಲಿಗೆ ಸೇರಿಸಲೆಂದು ಬೀರುವಿನಿಂದ ಆ ಕವರ್ ತೆಗೆದೆ. ಮೇಲ್ಗಡೆ ಎಡಮೂಲೆಯಲ್ಲಿ ಒಂದು ಕಂದು ಬಳೆ. ಟೀ ಕಪ್ಪಿನ ಅಡಿಯ ಗುರುತು.

ಕಪ್ ಇದ್ದದ್ದು ಕವರಿನ ಮೇಲೆ. ಅಂದರೆ ಟೀ ಬರುವುದಕ್ಕೆ ಮೊದಲೇ ಕವರ್ ಬಂದಿತ್ತು. ಟೀ ಅಣ್ಣ ನಮ್ಮ ಸಾಲಿಗೆ ಬರುವುದು ಎರಡೂಮುಕ್ಕಾಲಿಗೆ. ಅವರನ್ನು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಆದರೂ... ಒಂದು ದಿನ ತಡವಾಗಿರಬಾರದೇ? ತಡವಾಗಿರಲಿ ದೇವರೇ ಎಂದುಕೊಂಡೇ ಕೇಳಿದೆ.

"ಹೋದ ವಾರ ಮಂಗಳವಾರ ಟೀ ಲೇಟಾಗಿ ಕೊಟ್ರಾ ಅಣ್ಣ?"

"ಯಾಕೆ ಲೇಟು? ಎರಡೂಮುಕ್ಕಾಲಿಗೇ ಕೊಟ್ಟೆ. ನೀವಿರ್ಲಿಲ್ಲ. ಟೇಬಲ್ ತುಂಬ ಫೈಲು, ಜಾಗಾನೇ ಇರ್ಲಿಲ್ಲ. ದಪ್ಪ ಕವರ್ ಮೇಲೇ ಇಟ್ಟೆ. ಆ ಲಾಂಡ್ರಿ ಅಮ್ಮ ಆಗಿನ್ನೂ ಹೊರಟಿದ್ರು, ನಂಗೂ ಒಂದು ಟೀ ಕೊಡಪ್ಪ ಅಂದ್ರು, ಅಷ್ಟರಲ್ಲೇ ಬೇಡ ಹೊತ್ತಾಯ್ತು ಅಂತ ಓಡಿದ್ರು."

"ಇದನ್ನ ಯಾರಾದ್ರೂ ಕೇಳಿದ್ರಾ?"

"ಟೀ ಕೊಡೋನನ್ನ ಯಾರು ಕೇಳ್ತಾರೆ ಮೇಡಂ?" ನಕ್ಕು ಕಪ್ ತೆಗೆದುಕೊಂಡು ಹೋದರು.

ಮಾರ್ಚ್ 13, ಗುರುವಾರ. 4.50

ಅಂಟಿಸಿಬಿಟ್ಟೆ. ಫೈಲ್ ನಂಬರಿನ ಬಿಳಿ ಚೀಟಿ, ದೊಡ್ಡದು. ಸರಿಯಾಗಿ ಆ ಗುರುತಿನ ಮೇಲೆ. ಯಾರೂ ಅಂಟಿಸು ಅನ್ನಲಿಲ್ಲ. ಅಂಟಿಸಬಾರದು ಎಂಬ ನಿಯಮವೂ ಇಲ್ಲ. ಹೀಗೆಲ್ಲ ನನಗೆ ನಾನೇ ವಕೀಲಿಕೆ ಮಾಡಿಕೊಳ್ಳುತ್ತಿದ್ದೇನೆ.

ನಾಚಿಕೆಯಾಗುತ್ತಿದೆ.

ಮಾರ್ಚ್ 18, ಮಂಗಳವಾರ. ರಾತ್ರಿ 9.00

ಐದು ದಿನ ಬರೆದಿಲ್ಲ. ಸರಿಯಾಗಿ ನಿದ್ದೆಯೂ ಇಲ್ಲ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಬೆಳಿಗ್ಗೆ ಸಾಹೇಬರು ನಗುತ್ತಾ, "ನಿಮ್ಮ ಕಾಯಂ ಆದೇಶಕ್ಕೆ ಸಹಿ ಆಯ್ತು. ವಿಚಾರಣೆ ಮುಗೀಲಿ, ಅವತ್ತೇ ಕೊಡ್ತೀನಿ. ಸ್ವೀಟ್ ತಯಾರಿರ್ಲಿ" ಅಂದರು. ಪಾಪ, ಅವರಿಗೇನೂ ಗೊತ್ತಿಲ್ಲ. ಒಂಬತ್ತು ವರ್ಷ ಈ ಒಂದು ಮಾತಿಗೆ ಕಾದಿದ್ದೆ. ಕೇಳಿದವಳು ಬೇಗ ಬೇಗ ಸೀಟಿಗೆ ವಾಪಸ್ ಬಂದೆ.

ಬರುವಾಗ ಒಂದು ಸ್ಟಾಪ್ ಮೊದಲೇ ಇಳಿದೆ. ಲಾಂಡ್ರಿ ಆ ಬೀದಿಯಲ್ಲೇ. ಬಾಗಿಲು ತೆರೆದಿತ್ತು, ಹಬೆ ಹೊರಗೆ ಬರುತ್ತಿತ್ತು. ಇಬ್ಬಿಬ್ಬರು ಎದುರುಬದುರು ನಿಂತು ಬೆಡ್‌ಶೀಟ್ ಮಡಚುತ್ತಿದ್ದರು, ಹರಟೆ ಹೊಡೆಯುತ್ತಾ. ಯಜಮಾನಿ ನನ್ನನ್ನು ಕಂಡರು. "ಬಾಮ್ಮ ಒಳಗೆ, ಬಾಗಿಲಲ್ಲಿ ಯಾಕೆ ನಿಂತಿದ್ದೀಯ?" ಅಂದರು. ಬೈಯಬಾರದಿತ್ತೇ? ತಲೆಯಾಡಿಸಿ ಬಂದುಬಿಟ್ಟೆ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ತಮಾಷೆ ಮಾಡಲಿಲ್ಲ. ಕೈಯ ಗ್ರೀಸ್ ಒರೆಸಿಕೊಂಡರು. ಆಮೇಲೆ, "ಹೇಳಿದ್ರೆ ನಿನ್ನ ಕೆಲ್ಸ ಹೋಗುತ್ತೆ. ಹೇಳ್ದೇ ಇದ್ರೆ ನೀನೇ ಹೋಗ್ಬಿಡ್ತೀಯ, ಈಗ್ಲೇ ಅರ್ಧ ಆಗಿದ್ದೀಯ" ಅಂದರು. ಅತ್ತುಬಿಟ್ಟೆ.

ಮಾರ್ಚ್ 20, ಗುರುವಾರ. ಬೆಳಿಗ್ಗೆ 9.15

ಯಾರೂ ಬರುವ ಮೊದಲೇ ಆಫೀಸಿಗೆ ಬಂದೆ. ಚೀಟಿ ಕೀಳಲು. ಉಗುರಿನಿಂದ ಮೆಲ್ಲಗೆ, ಮೂಲೆಯಿಂದ. ಬರಲಿಲ್ಲ. ಎಳೆದೆ. ಕವರಿನ ಕಂದು ಕಾಗದವೂ ಕಿತ್ತುಕೊಂಡು ಬಂತು. ಗುರುತಿನಲ್ಲಿ ಈಗ ಕಾಲು ಭಾಗವೂ ಉಳಿದಿಲ್ಲ. ಯಾರಾದರೂ ನೋಡಿದರೆ ಕೊಳೆ ಅನ್ನುತ್ತಾರೆ ಅಷ್ಟೆ.

ಒಳ್ಳೆಯ ಕೆಲಸ ಮಾಡಿದೆ. ಕವರೇ ಹೇಳಲಿ, ನಾನು ಸುಮ್ಮನಿದ್ದರಾಯಿತು ಎಂದು ಮನಸ್ಸಿನ ಮೂಲೆಯಲ್ಲಿತ್ತು. ಇನ್ನು ಕವರ್ ಹೇಳುವುದಿಲ್ಲ.

10.50. ವಿಚಾರಣಾ ಕೊಠಡಿಯ ಹೊರಗಿನ ಬೆಂಚು

ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಲಾಂಡ್ರಿಯ ಅಮ್ಮ. ಒಂದು ಟವೆಲ್ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ಸ್ಯಾಂಪಲ್ ಇನ್ನೊಂದು, ಯಾರಾದರೂ ಕೇಳಿದರೆ ಇರಲಿ ಎಂದು. ಟೈ ಕಟ್ಟಿದ ಏಜೆಂಟ್ ಒಳಗೆ ಆರಾಮಾಗಿ ಕೂತಿದ್ದಾನೆ. ಟೀ ಅಣ್ಣನಿಗೆ ಬನ್ನಿ ಅಂದೆ. "ನಾನಾ? ಒಳಗಾ?" ಎಂದವರು ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದು ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ. ಟ್ರೇ ಕೈಯಲ್ಲೇ ಇದೆ.

ಅಕ್ಷರ ನನ್ನದೇ ಅನಿಸುತ್ತಿಲ್ಲ.

ಮೊದಲ ಪ್ರಶ್ನೆ ಯಾವುದೆಂದು ಗೊತ್ತು — ಎರಡೂವರೆಯಿಂದ ಮೂರೂವರೆವರೆಗೆ ನೀವು ಎಲ್ಲಿದ್ದಿರಿ? ತಡವರಿಸಬಾರದು. ಇಲ್ಲಿ ಒಂದು ಸಲ ಬರೆದುಕೊಂಡರೆ ಅಲ್ಲಿ ಬಾಯಿಗೆ ಬರುತ್ತದೆ.

ಸಾಹೇಬರೇ, ನಾನು ಬರೆದುಕೊಟ್ಟ ಹೇಳಿಕೆ ಸುಳ್ಳು. ಆ ಅಮ್ಮ ಬಂದಾಗ ನಾನು ಸೀಟಿನಲ್ಲಿ ಇರಲಿಲ್ಲ. ಮೇಲಿನ ಮಹಡಿಯಲ್ಲಿದ್ದೆ, ನನ್ನ ಕಾಯಂ ಫೈಲ್ ಕೇಳಲು. ಅವರ ಕವರ್ ತಡವಾಗಿರಲಿಲ್ಲ, ತಡವಾಗಿ ಬಂದವಳು

ಕರೆಯುತ್ತಿದ್ದಾರೆ