ಹೊಲಿಗೆ ನೋಡಿ ಕೊಂಡ ಸ್ಲೀಪಿಂಗ್ ಬ್ಯಾಗ್

ಮನೆಯೊಡತಿಗೆ,

ಗುಡ್ಡದ ಮೇಲಿನ ಡೇರೆಯಿಂದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಚಳಿಯನ್ನು ಬೈಯಿ, ನನ್ನನ್ನಲ್ಲ.

ಇಲ್ಲಿ ಹಗ್ಗಕ್ಕೆ ಹಾಕಿದ ಒದ್ದೆ ಟವೆಲ್ಲು ಬೆಳಗಾಗುವಷ್ಟರಲ್ಲಿ ಹಲಗೆಯಾಗಿರುತ್ತದೆ. ಅಂಥ ಜಾಗಕ್ಕೆ ಟೈಲರಾದ ನಿನ್ನ ಗಂಡ ತಂದದ್ದು ಅಂಗಡಿಯಲ್ಲೇ ಅತಿ ಅಗ್ಗದ, ಅತಿ ಹಗುರದ ಸ್ಲೀಪಿಂಗ್ ಬ್ಯಾಗ್. ಒಳಗೆ ಏನು ತುಂಬಿದ್ದಾರೆಂದು ಕೇಳಲೇ ಇಲ್ಲ. ಗೆರೆ ಎಳೆದಂತಿದ್ದ ಹೊಲಿಗೆಗೆ ಮರುಳಾದೆ. ಮಲಗಿದ ಮೇಲೆ ಗೊತ್ತಾಯಿತು, ಹೊಲಿಗೆ ಬಿದ್ದಲ್ಲೆಲ್ಲ ಬ್ಯಾಗು ಚಪ್ಪಟೆ, ಚಳಿ ಸಾಲುಸಾಲಾಗಿ ಅಲ್ಲಿಂದಲೇ ಒಳಗೆ ಬರುತ್ತದೆ.

"ಭಾವ, ನಿಮ್ಮ ಹಲ್ಲಿನ ಸದ್ದಿಗೆ ನಂಗೆ ನಿದ್ದೆ ಬರ್ತಿಲ್ಲ. ಇದರೊಳಗೆ ಬನ್ನಿ" ಎಂದು ನಿನ್ನ ತಮ್ಮ ತನ್ನ ಕಂಬಳಿ ಎತ್ತಿ ಹಿಡಿದ. ಅದನ್ನು ಹೊತ್ತು ತಂದದ್ದಕ್ಕೆ ದಾರಿಯುದ್ದಕ್ಕೂ ನಾನು ಅವನನ್ನು ಗೇಲಿ ಮಾಡಿದ್ದೆ. ಈಗ ಅದರೊಳಗೇ ನುಸುಳಿದೆ. ಅಂಚು ಎಳೆದುಕೊಂಡಾಗ ಬೆರಳಿಗೆ ಒಂದು ತೇಪೆ ಸಿಕ್ಕಿತು. ನನ್ನದೇ ಕೈಯ ತೇಪೆ. ಹೊರಡುವಾಗ ಭಾರವೆಂದು ನಾನು ನನ್ನ ಚೀಲದಿಂದ ಕಿತ್ತೆಸೆದ ಕಂಬಳಿಯನ್ನು ನೀನು ಸದ್ದಿಲ್ಲದೆ ಅವನ ಬೆನ್ನಿಗೆ ಹೇರಿದ್ದೀಯ.

ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ಬ್ಯಾಗಿನ ದುಡ್ಡು ದಂಡವಾಯಿತೆಂದು ಕೊರಗಬೇಡ. ಸುತ್ತಿ ತಲೆಯಡಿ ಇಟ್ಟುಕೊಂಡಿದ್ದೇವೆ, ದಿಂಬಾಗಿ ಅದಕ್ಕೆ ಸಾಟಿಯಿಲ್ಲ.

ಕಾರ್ಡು ತುಂಬಿತು. ನಾಳೆ ಇಳಿಯುವಾಗ ದಿಂಬನ್ನು ನಿನ್ನ ತಮ್ಮ ಹೊರುತ್ತಾನಂತೆ. ಕಂಬಳಿ ನನಗೆ.

ನಿನ್ನ ಟೈಲರ್